ಜನ ಬಂದರು, ತಂಗಲಿಲ್ಲ

ಭಾನುವಾರ ಹಂಪಿಯ ಕಲ್ಲಿನ ರಥದ ಮುಂದೆ ನಿಂತರೆ, ಕೊರೊನಾ ಎಂಬುದೊಂದು ಬಂದು ಹೋಗಿತ್ತೇ ಎನಿಸುತ್ತದೆ. ಐವತ್ತರ ನೋಟನ್ನು ರಥಕ್ಕೆ ಹೊಂದಿಸಿ ಹಿಡಿದು ಫೋಟೊ ತೆಗೆಯುವವರದ್ದೇ ಒಂದು ಸಾಲು. ವಿರೂಪಾಕ್ಷ, ವಿಠಲ, ಕಮಲ ಮಹಲ್, ನಡುವೆ ಬುತ್ತಿ ಊಟ. ಹೊತ್ತಿಳಿಯುವಷ್ಟರಲ್ಲಿ ಬಸ್ಸು ಅಂಜನಾದ್ರಿಯ ಕಡೆಗೋ ಊರಿನ ಕಡೆಗೋ ಹೊರಟಿರುತ್ತದೆ. ಈ ನೂಕುನುಗ್ಗಲನ್ನೇ ಚೇತರಿಕೆ ಎಂದು ಬೆನ್ನು ತಟ್ಟಿಕೊಳ್ಳುವವರು ಸ್ವಲ್ಪ ತಡೆಯಬೇಕು.

2020ರಲ್ಲಿ ಹಂಪಿಗೆ ಬಿದ್ದದ್ದು ಒಂದೇ ಪೆಟ್ಟಲ್ಲ. ಸುಪ್ರೀಂ ಕೋರ್ಟ್ ತೀರ್ಪಿನಂತೆ ಹೊಳೆಯಾಚೆ ವಿರೂಪಾಪುರ ಗಡ್ಡಿಯ ಅನಧಿಕೃತ ರೆಸಾರ್ಟ್‌ಗಳನ್ನು ಮಾರ್ಚ್ ಮೊದಲ ವಾರದಲ್ಲಿ ಕೆಡವಲಾಯಿತು. ಮಾರ್ಚ್ 17ಕ್ಕೆ ಸ್ಮಾರಕಗಳ ಬಾಗಿಲೇ ಮುಚ್ಚಿತು. ತೀರ್ಪಿನ ಬಗ್ಗೆ ನಮ್ಮ ತಕರಾರಿಲ್ಲ. 1999ರಿಂದ 2006ರವರೆಗೆ ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿದ್ದ ತಾಣವಿದು, ಕಟ್ಟುನಿಟ್ಟು ಬೇಕೇ ಬೇಕು. ಆದರೆ ಗಡ್ಡಿಗೆ ಬಂದವರು ವಾರಗಟ್ಟಲೆ ಇರುತ್ತಿದ್ದರು. ಬಾಡಿಗೆ ಸೈಕಲ್ಲು, ಹರಿಗೋಲು, ಗೈಡು, ದಿನಕ್ಕೆರಡು ಸಲ ಚಹಾ: ಒಬ್ಬರ ಕಾಸು ಹತ್ತು ಕೈಗೆ ಹರಿಯುತ್ತಿತ್ತು. ಅವರಿಗೆ ಬದಲಿ ನೆಲೆ ಎಲ್ಲಿ ಎಂದು ಕೇಳುವ ಮೊದಲೇ ಲಾಕ್‌ಡೌನ್ ಬಂತು. ಎಲ್ಲ ನಷ್ಟವನ್ನೂ ಕೊರೊನಾದ ಖಾತೆಗೆ ಬರೆದು ಲೆಕ್ಕದ ಪುಸ್ತಕ ಮುಚ್ಚಿದೆವು.

ಹೊರಗಿನವರೂ ಪೂರ್ತಿ ಮರಳಿರಲಿಲ್ಲ: ದೇಶಕ್ಕೆ 2019ರಲ್ಲಿ ಸುಮಾರು 1.09 ಕೋಟಿ ವಿದೇಶಿಯರು ಬಂದಿದ್ದರು. 2023ರಲ್ಲಿ 95 ಲಕ್ಷ. ಆ ಕೊರತೆಯ ಮೇಲೆ, 2025ರ ಮಾರ್ಚ್‌ನಲ್ಲಿ ಹಂಪಿ ಬಳಿಯ ಸಾಣಾಪುರದ ಕಾಲುವೆ ದಂಡೆಯಲ್ಲಿ ಪ್ರವಾಸಿಗರ ಮೇಲೆ ನಡೆದ ದಾಳಿ. ಕತ್ತಲಾದ ಮೇಲೆ ಇಲ್ಲಿರಬೇಕೋ ಬೇಡವೋ ಎಂದು ಬರುವವರು ಈಗ ಎರಡು ಸಲ ಯೋಚಿಸುತ್ತಾರೆ.

ಪ್ರವಾಸಿ ತಾಣಗಳಿಗೂ ಆಯುಷ್ಯದ ಘಟ್ಟಗಳಿವೆ ಎಂದು 1980ರಲ್ಲಿ ಬರೆದ ಭೂಗೋಳತಜ್ಞ ರಿಚರ್ಡ್ ಬಟ್ಲರ್ ಹೇಳಿದ್ದು ಇಲ್ಲಿ ಚುಚ್ಚುತ್ತದೆ: ಬರುವವರ ಸಂಖ್ಯೆ ತುದಿ ಮುಟ್ಟಿದಾಗಲೇ ತಾಣ ಜಡವಾಗುತ್ತದೆ, ಅಲ್ಲಿಂದ ಮುಂದೆ ಇಳಿಜಾರೋ ಮರುಹುಟ್ಟೋ ಎಂಬುದು ನೋಡಿಕೊಳ್ಳುವವರ ಕೈಯಲ್ಲಿ. ಅಂದರೆ ಭಾನುವಾರದ ಈ ಜಂಗುಳಿಯೇ ಗಂಟೆ ಬಾರಿಸುತ್ತಿದೆ. ಕಲ್ಲಿಗೂ ಆಯಾಸವಿದೆ, 2024ರ ಮೇ ಮಳೆಗೆ ವಿರೂಪಾಕ್ಷನ ರಥಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿದದ್ದು ನೆನಪಿರಲಿ.

ಪ್ರವಾಸೋದ್ಯಮ ಇಲಾಖೆ ತಲೆ ಎಣಿಸುವುದರ ಜತೆಗೆ ರಾತ್ರಿಗಳನ್ನೂ ಎಣಿಸಲಿ: ಎಷ್ಟು ಜನ ತಂಗಿದರು, ಎಷ್ಟು ದಿನ. ಮುಂದಿನ ಹಂಗಾಮಿಗೆ ಮೊದಲೇ ಕಾನೂನುಬದ್ಧ ತಂಗುಮನೆಗಳ ಜಾಗ ಗುರುತಿಸಿ, ಹೊಳೆಯ ಎರಡೂ ದಂಡೆಗೆ ದೀಪ, ಗಸ್ತು ಕೊಡಲಿ. ಹರಿಗೋಲಿನವರು ಬಸ್ಸಿಳಿದವರನ್ನು ಮೊದಲು ಕೇಳುವುದು ಇಷ್ಟೇ: "ಇವತ್ತs ಹೊಂಟ್ರೇನ್ರೀ?"