ಪೊರೆಯ ಲೋಳೆಗೆ ಅಡಿಕೆಯ ಚೊಗರು?

ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಮುಂತಾದ ಜಿಲ್ಲೆಗಳ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿರುವುದು ರೈತ ಬಾಂಧವರಿಗೆ ತಿಳಿದದ್ದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆಗೇ ಪೆಟ್ಟು. ಇದಕ್ಕೆಂದೇ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು. ಘಟಕ ನಿಂತ ದಿನ ಮಾತ್ರ ಕೊಡ ಹಿಡಿದು ಮತ್ತೆ ಅದೇ ಬಾವಿಗೆ ಹೋಗಬೇಕು.

ಹಾಗೆ ನಿಲ್ಲಲು ಪೊರೆ ಕಟ್ಟಿಕೊಳ್ಳುವುದೂ ಒಂದು ಕಾರಣ. ಸೂಕ್ಷ್ಮಜೀವಿಗಳು ಪೊರೆಯ ಮೇಲೆ ಲೋಳೆ ಹಿಡಿಸುತ್ತವೆ. ಹನಿ ನೀರಾವರಿಯ ಡ್ರಿಪ್ಪರ್ ಬಿಚ್ಚಿ ತೊಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಲೋರಿನ್ ಹಾಕೋಣವೆಂದರೆ ಪಾಲಿಅಮೈಡ್ ಪೊರೆಯೇ ಅದರಿಂದ ಕೆಡುತ್ತದೆ.

ಕೆಸುವಿನ ಎಲೆಯಂತೆ ನೀರು ಅಂಟದ ಲೇಪ ಕೊಟ್ಟರಾಯಿತು ಎಂದು ತೋರಬಹುದು. ಬೇಕಾದದ್ದು ಅದರ ವಿರುದ್ಧ. ಮೈಮೇಲೆ ನೀರಿನ ತೆಳು ಹೊದಿಕೆಯನ್ನು ಹಿಡಿದಿಟ್ಟುಕೊಂಡರೆ ಜಿಡ್ಡಿಗೂ ಜೀವಿಗೂ ಅಲ್ಲಿ ಹಿಡಿತ ಸಿಗುವುದು ಕಷ್ಟ. ಇಂಥ ಲೇಪಕ್ಕೆ ದಾರಿ ತೋರಿದ್ದು ಸಮುದ್ರದ ಒಂದು ಚಿಪ್ಪುಜೀವಿ, ನಮ್ಮ ಕರಾವಳಿಯವರು ನೀಲಿಕಲ್ಲು ಎನ್ನುವ ಜಾತಿಯದು. ಅಲೆ ಬಡಿದರೂ ಅದು ಬಂಡೆ ಬಿಡದು. ಅದರ ಅಂಟಿನ ಗುಟ್ಟನ್ನು ಹಿಡಿದು 2007ರಲ್ಲಿ ಅಮೆರಿಕದ ಮೆಸ್ಸರ್‌ಸ್ಮಿತ್ ಮತ್ತು ಸಂಗಡಿಗರು, ತುಸು ಕ್ಷಾರದ ನೀರಿನಲ್ಲಿ ಡೋಪಮಿನ್ ಕರಗಿಸಿ ವಸ್ತುವನ್ನು ಅದ್ದಿದರೆ ಸಾಕು, ಕಂದು ಲೇಪ ತಾನಾಗಿ ಕೂರುತ್ತದೆಂದು ತೋರಿಸಿದರು. ಬದನೆ ಹೆಚ್ಚಿಟ್ಟರೆ ಕಪ್ಪಾಗುವುದಿಲ್ಲವೆ, ಹತ್ತಿರ ಹತ್ತಿರ ಅದೇ ರಸಾಯನ ಕ್ರಿಯೆ. ಮುಂದೆ ಇದನ್ನು ಸೋಸುವ ಪೊರೆಗಳ ಮೇಲೂ ಪರೀಕ್ಷಿಸಲಾಯಿತು.

ಆದರೆ ಡೋಪಮಿನ್ ಅಗ್ಗದ ಪದಾರ್ಥವಲ್ಲ. ಲೇಪ ದಪ್ಪವಾದರೆ ನೀರಿನ ಹರಿವೂ ತಗ್ಗುತ್ತದೆ. ನಮ್ಮ ಗಡಸು ನೀರಿನ ಸುಣ್ಣದ ಪೊರೆಗೆ ಇದೊಂದೇ ಮದ್ದೂ ಅಲ್ಲ. ಆದ್ದರಿಂದ 'ಹೊಸ ಲೇಪ'ದ ಹೆಸರಿನಲ್ಲಿ ಹೆಚ್ಚು ಬೆಲೆ ಕೇಳುವವರಿಗೆ, ನಮ್ಮ ಬಾವಿಯ ನೀರಿನಲ್ಲಿ ಎಷ್ಟು ತಿಂಗಳು ಓಡಿಸಿ ನೋಡಿದ್ದೀರಿ ಎಂದು ಪಂಚಾಯಿತಿಯವರು ಕೇಳಲೇಬೇಕು.

ಚಹಾದ ಲೋಟಕ್ಕೆ ಹತ್ತುವ ಕರೆಯಂಥ ಸಸ್ಯದ ಒಗರುಗಳಿಂದಲೂ ಲೇಪ ಕೊಡಬಹುದೆಂದು 2013ರಲ್ಲಿ ಪ್ರಕಟವಾಯಿತು. ಒಗರಿಗೆ ನಮ್ಮಲ್ಲೇನು ಬರವೆ? ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರು ಹಂಡೆಗಟ್ಟಲೆ ಸಿಗುತ್ತದೆ. ಅದರಿಂದ ಕೆಲಸವಾದೀತೆ, ಕುಡಿಯುವ ನೀರಿಗೆ ಅದು ಬಿಟ್ಟುಕೊಳ್ಳದೆ ನಿಂತೀತೆ ಎಂಬುದನ್ನು ನಮ್ಮ ವಿಶ್ವವಿದ್ಯಾನಿಲಯಗಳೇ ಪರೀಕ್ಷಿಸಬೇಕು, ಅದೂ ಕೋಲಾರದ ನೀರನ್ನೇ ತಂದು.