ಮೇಳದಲ್ಲಿ ಮೊದಲ ದಿನಗಳು

ನಮ್ಮ ವಾಚಕರಾದ ತಾಯಿಯೊಬ್ಬರು ಈಚೆಗೆ ಸಮಾಜದ ಸಮಾರಂಭವೊಂದರಲ್ಲಿ ಭೇಟಿಯಾಗಿ ತಮ್ಮ ಮನದ ಅಳಲನ್ನು ತೋಡಿಕೊಂಡರು. ಅವರ ಮಗ 12 ವರ್ಷ ಪಿಟೀಲು ಅಭ್ಯಾಸ ಮಾಡಿ, ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿತು, ಮುಂಬಯಿಯ ವಾದ್ಯವೃಂದವೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನ ಸ್ಥಾನ ಎರಡನೆಯ ಪಿಟೀಲುಗಳ ಗುಂಪಿನ ಕೊನೆಯ ಸಾಲು. "ಅಷ್ಟು ಮಂದಿ ನಡುವೆ ಕುಂತು ಎಲ್ಲಾರ್‍ಹಂಗ ಕಮಾನು ಎಳಿಯಾಕ ಹನ್ನೆರಡು ವರ್ಷ ಬೇಕಿತ್ತೇನ್ರೀ? ಅವನ ಹೆಸರು ಯಾರು ಹೇಳ್ತಾರ? ಬ್ಯಾಂಕಿನ ಪರೀಕ್ಷೆಗೆ ಕೂಡು ಅಂತ ಅವರಪ್ಪ ದಿನಾ ಫೋನ್ ಮಾಡತಾರ" ಎಂದರು. ಮಗ ಮಾತ್ರ ಹಿಂದೆಂದೂ ಇಷ್ಟು ಸಂತೋಷದಿಂದ ಇದ್ದುದಿಲ್ಲವಂತೆ. ಅದೇ ಅವರಿಗೆ ಒಗಟಾಗಿತ್ತು.

ತಾಯಿಯ ಸಂಕಟ ಸಣ್ಣದೆಂದು ನಾವು ಹೇಳಲಾರೆವು. ಸಂಗೀತಗಾರನೆಂದರೆ ವೇದಿಕೆಯ ನಡುವೆ ಕುಳಿತವನು, ಉಳಿದವರು ಅವನ ಹಿಂದಿನವರು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಆದರೆ ಆ ಕೊನೆಯ ಸಾಲಿನಲ್ಲಿ ನಡೆಯುವ ಕಾಯಕವೇನೆಂಬುದನ್ನು ಒಮ್ಮೆ ಸಾವಧಾನವಾಗಿ ನೋಡಬೇಕು.

ಕಾರ್ಯಕ್ರಮಕ್ಕೆ ಮುನ್ನ ಓಬೋ ಎಂಬ, ನಮ್ಮ ಶಹನಾಯಿಯ ಬಂಧುವೆನ್ನಬಹುದಾದ ಊದುವಾದ್ಯದಿಂದ ಒಂದೇ ಸ್ವರ ಹೊರಡುತ್ತದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ 440 ಕಂಪನಗಳ ಸ್ವರ. ಎಂಬತ್ತು ತೊಂಬತ್ತು ಜನ ಆ ಸ್ವರಕ್ಕೆ ತಮ್ಮ ವಾದ್ಯಗಳನ್ನು ಕೂಡಿಸುತ್ತಾರೆ. ಹೊಸದಾಗಿ ಸೇರಿದವನ ಮೊದಲ ಪಾಠ ಇಲ್ಲಿಂದಲೇ ಆರಂಭ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಶ್ರುತಿ ತನ್ನದು, ಲಯ ತನ್ನದು. ಇಲ್ಲಿ ಎರಡೂ ತನ್ನದಲ್ಲ. ಪಿಟೀಲುವಾದಕರು ಇಬ್ಬಿಬ್ಬರಾಗಿ ಒಂದೇ ಸ್ವರಲಿಪಿಯ ಸ್ಟ್ಯಾಂಡಿನ ಮುಂದೆ ಕೂಡುತ್ತಾರೆ. ಪುಟ ತಿರುವುವ ಹೊಣೆ ಒಳಬದಿಯವನದು. ಆ ಒಂದೆರಡು ಕ್ಷಣ ಅವನ ವಾದ್ಯ ಮೌನವಾಗುತ್ತದೆ, ಪಕ್ಕದವನದು ನಡೆದೇ ಇರುತ್ತದೆ. ಗುಂಪಿನ ಮುಂದಾಳು ಕಮಾನನ್ನು ಮೇಲಕ್ಕೆ ಎಳೆದರೆ ಗುಂಪಿನ ಪ್ರತಿಯೊಬ್ಬನ ಕಮಾನೂ ಮೇಲಕ್ಕೆ ಸಾಗಬೇಕು. ಸ್ವರಲಿಪಿಯ ಮೇಲೊಂದು ಕಣ್ಣು, ನಿರ್ದೇಶಕನ ಕೈಯ ಮೇಲೊಂದು ಕಣ್ಣು, ಕಿವಿ ಮಾತ್ರ ಪಕ್ಕದವನ ಮೇಲೆ. ತನ್ನ ಪಿಟೀಲು ಪ್ರತ್ಯೇಕವಾಗಿ ಕೇಳಿಸಿತೆಂದರೆ ಅಲ್ಲಿ ಏನೋ ತಪ್ಪಿದೆ ಎಂದೇ ಅರ್ಥ.

ಹಾಗಾದರೆ ಒಬ್ಬನಿದ್ದರೇನು, ಇಲ್ಲದಿದ್ದರೇನು ಎಂದು ಕೇಳಬಹುದು. ಹತ್ತು ಪಿಟೀಲುಗಳು ಕೂಡಿದಾಗ ಕೇಳುವುದು ಒಂದು ಪಿಟೀಲಿನ ಹಿಗ್ಗಿಸಿದ ದನಿಯಲ್ಲ. ಹತ್ತು ಕೈಗಳ ನಡುವಿನ ಕೂದಲೆಳೆಯ ವ್ಯತ್ಯಾಸಗಳೆಲ್ಲ ಬೆರೆತು ಬೇರೊಂದು ನಾದವೇ ಹುಟ್ಟುತ್ತದೆ. ಒಂದೇ ಪಿಟೀಲಿಗೆ ಧ್ವನಿವರ್ಧಕ ಹಚ್ಚಿದರೆ ಅದು ದೊರೆಯದು.

ಕಾಯುವುದೂ ಅಲ್ಲಿ ಕೆಲಸದ ಭಾಗವೇ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಲಾದ ಬೀಥೋವನನ ಐದನೆಯ ಸಿಂಫನಿಯಲ್ಲಿ ಮೂವರು ಟ್ರೊಂಬೋನ್ ವಾದಕರಿದ್ದಾರೆ. ಕೃತಿಯ ಭಾಗಗಳು ನಾಲ್ಕು. ಮೊದಲ ಮೂರರಲ್ಲಿ ಇವರಿಗೆ ಒಂದು ಸ್ವರವೂ ಇಲ್ಲ. ಸುಮಾರು 20 ನಿಮಿಷ ವಾದ್ಯವನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿರಬೇಕು. ಮೂರನೆಯ ಭಾಗದ ಕೊನೆಗೆ ನಾದವೆಲ್ಲ ಪಿಸುಮಾತಿನಷ್ಟು ಇಳಿದು, ನಗಾರಿಯೊಂದು ಮೆಲ್ಲನೆ ಮಿಡಿಯುತ್ತ, ನಡುವೆ ಬಿಡುವಿಲ್ಲದೆ ನಾಲ್ಕನೆಯ ಭಾಗ ಸ್ಫೋಟಗೊಳ್ಳುತ್ತದೆ. ಅಲ್ಲಿ ಈ ಮೂವರು ಎದ್ದ ಅಲೆಯಂತೆ ಬರುತ್ತಾರೆ. ಧ್ವನಿಮುದ್ರಿಕೆಯಲ್ಲಿ ಇದನ್ನು ಕೇಳಿದವರಿಗೆ ನಾದ ತಿಳಿದೀತು. ಸಭಾಂಗಣದಲ್ಲಿ ಕುಳಿತವರಿಗೆ ಆ ಮೂವರ ಕಾಯುವಿಕೆಯೂ ಕಾಣುತ್ತದೆ. ಅವರು ವಾದ್ಯ ಎತ್ತಿ ತುಟಿಗೆ ಹಚ್ಚುವುದನ್ನು ಕಂಡೊಡನೆ ನಮ್ಮ ಉಸಿರೂ ಬಿಗಿಯುತ್ತದೆ.

ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಇಂಥ ದೊಡ್ಡ ವೃಂದ ಅಷ್ಟಾಗಿ ಬೇರೂರಲಿಲ್ಲ. ಆಕಾಶವಾಣಿಯು 1952ರಲ್ಲಿ ದೆಹಲಿಯಲ್ಲಿ ವಾದ್ಯವೃಂದ ಕಟ್ಟಿ ಪಂಡಿತ ರವಿಶಂಕರರು ಅದನ್ನು ಮುನ್ನಡೆಸಿದರಾದರೂ, ನಮ್ಮ ಕಚೇರಿಯ ಜೀವವಿರುವುದು ನಾಲ್ಕೈದು ಜನರ ಸಾಥಿಯಲ್ಲಿಯೇ. ಶಿಷ್ಯನು ಗುರುವಿನ ಬೆನ್ನ ಹಿಂದೆ ತಂಬೂರಿ ಹಿಡಿದು ಕುಳಿತುಕೊಳ್ಳುವುದೇ ನಮ್ಮಲ್ಲಿ ಕೆಲಸಕ್ಕೆ ಸೇರುವ ರೀತಿ. ಗಂಟೆಗಟ್ಟಲೆ ನಾಲ್ಕು ತಂತಿ ಮೀಟುವುದನ್ನು ಯಾರೂ ಹೊಗಳುವುದಿಲ್ಲ. ಶ್ರುತಿ ಮೈಗೂಡುವುದು ಅಲ್ಲಿಯೇ.

ಹೀಗೆ ಸಾಥಿ ಮಾಡುವುದು ಕಿರಿಯರ ಕೆಲಸವೆಂದು ಯಾರಾದರೂ ತಿಳಿದಿದ್ದರೆ ಹಂಪಿಯ ಪ್ರಸಂಗವನ್ನು ನೆನೆಯಬೇಕು. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಉತ್ಸವ 1936ರಲ್ಲಿ ಅಲ್ಲಿ ನಡೆಯಿತು. ಧಾರವಾಡ ಸೀಮೆಯ ಯಲಿವಾಳದ ತರುಣ ಬಸವರಾಜ ರಾಜಗುರು ಅಂದು ಮೊದಲ ಸಲ ದೊಡ್ಡ ಸಭೆಯ ಎದುರು ಹಾಡಲು ಕುಳಿತರು. ಹಾಡಿದ್ದು ನಿಜಗುಣ ಶಿವಯೋಗಿಗಳ ವಚನ, ರಾಗ ಬಾಗೇಶ್ರೀ. ಪಕ್ಕದಲ್ಲಿ ತಬಲಾ ನುಡಿಸಿದವರು ಅವರ ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಕೃಪೆಯಲ್ಲಿ ಬೆಳೆದು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತವನ್ನೇ ಬದುಕಿನ ಆಧಾರವಾಗಿ ಕೊಟ್ಟ ಆ ಮಹಾನುಭಾವರು ಶಿಷ್ಯನ ಲಯ ಕಾಯುತ್ತ ಕುಳಿತರು. ಆ ತರುಣನ ಎದೆಗೆ ಅದೆಂಥ ಧೈರ್ಯ ಬಂದಿರಬೇಕು! ನಮ್ಮ ಸಮಾಜಕ್ಕೆ ಸಂಗೀತಗಾರನ ಹೊಟ್ಟೆಪಾಡು ಹೊಸ ಚಿಂತೆಯಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ಚಿಂತೆಯನ್ನು ಹೊತ್ತೇ ಬೆಳೆದ ಸಂಸ್ಥೆ. ಬ್ಯಾಂಕಿನ ಪರೀಕ್ಷೆಯ ಮಾತನ್ನು ಆ ತಂದೆಯವರು ಕೆಲಕಾಲ ಬದಿಗಿರಿಸಿದರೆ ಒಳಿತೆಂದು ನಮ್ಮ ಅಭಿಪ್ರಾಯ.

ಎದುರು ಕುಳಿತು ಕೇಳುವ ಭಾಗ್ಯ ಹಣವಿದ್ದವರಿಗೂ ಸದಾ ದೊರೆಯುವುದಿಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಪೋಷಕರಾಗಿದ್ದವರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಳ್ಳುವ ಮುನ್ನ ರಚಿಸಿದ್ದ ನಾಲ್ಕು ಅಂತಿಮ ಗೀತೆಗಳನ್ನು ಆ ವೃಂದ 1950ರ ಮೇ 22ರಂದು ಮೊದಲ ಬಾರಿಗೆ ನುಡಿಸಿತು. ಅದಕ್ಕೆ 4,800 ಡಾಲರುಗಳ ಭರವಸೆ ಕೊಟ್ಟವರು ನಮ್ಮ ಮಹಾರಾಜರು. ಆದರೆ ಅವರು ಅಲ್ಲಿಗೆ ಹೋಗಲಾಗಲಿಲ್ಲ. ಮುದ್ರಿಸಿಕೊಂಡ ತಟ್ಟೆಗಳು ಮೈಸೂರಿಗೆ ಬಂದವು, ಅರಮನೆಯಲ್ಲಿದ್ದ ಸಾವಿರಾರು ತಟ್ಟೆಗಳ ಜೊತೆ ಸೇರಿದವು. ಅಂದಿನ ಸಂಜೆ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಟಿಕೆಟು ಕೊಂಡು ಮೇಲಂತಸ್ತಿನಲ್ಲಿ ಕುಳಿತಿದ್ದ ಸಾಮಾನ್ಯನಿಗೆ ದೊರೆತದ್ದು ಮಹಾರಾಜರಿಗೆ ದೊರೆಯಲಿಲ್ಲ.

ಆ ತಾಯಿಗೆ ನಾವು ಹೇಳಿದ್ದಿಷ್ಟೇ. ಮುಂದಿನ ಕಾರ್ಯಕ್ರಮಕ್ಕೆ ಯಜಮಾನರನ್ನು ಕರೆದುಕೊಂಡು ಮುಂಬಯಿಗೆ ಹೋಗಿರಿ. ನೆಂಟರ ಮನೆಯ ಊಟ ಮುಗಿಸಿ ತಡವಾಗಿ ಹೋಗಬೇಡಿರಿ; ಅರ್ಧ ಗಂಟೆ ಮೊದಲೇ ಸಭಾಂಗಣದಲ್ಲಿ ಇರಿ. ಮಗನ ಕಮಾನು ಕಾಣುವ ಬದಿ ಯಾವುದೆಂದು ಅವನನ್ನೇ ಕೇಳಿ ಆಸನ ಕಾದಿರಿಸಿರಿ. ಓಬೋದ ಆ ಒಂದು ಸ್ವರ ಹೊರಟಾಗ ಅವನ ಮುಖವನ್ನು ನೋಡಿರಿ.