ಹಳೇ ತೀರ್ಪು, ಕುರಿಮಂದೆ ಮತ್ತು ಬಸವನಹುಳು

ನಮ್ಮ ನ್ಯಾಯಾಧೀಶರು ಹಳೇ ತೀರ್ಪುಗಳ ಹಿಂದೆ ಕುರಿಗಳಂತೆ ನಡೆಯುತ್ತಾರೆ, ಶಾಸನದಲ್ಲಿ ಬರೆದಷ್ಟೇ ಕಾನೂನಾಗಬೇಕು ಎಂದು ಕಳೆದ ವಾರದ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಇದನ್ನು ಓದಿದರೆ ನಗು ಬರುತ್ತದೆ.

1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯ ಕೆಫೆಯೊಂದರಲ್ಲಿ ಶ್ರೀಮತಿ ಡೊನೊಹ್ಯೂ ಅವರಿಗೆ ಜೊತೆಗಿದ್ದವರು ಜಿಂಜರ್ ಬಿಯರ್ ಕೊಡಿಸಿದರು. ಒಳಗೇನಿದೆ ಎಂದು ಕಾಣದ ಕಪ್ಪು ಬಾಟಲಿ. ಒಂದಿಷ್ಟು ಕುಡಿದು, ಉಳಿದದ್ದನ್ನು ಸುರಿದರೆ ಕೊಳೆತ ಬಸವನಹುಳು ಬಿತ್ತು ಎಂಬುದು ಆಕೆಯ ದೂರು. (ಹುಳು ನಿಜಕ್ಕೂ ಇತ್ತೇ? ಅದು ಕೊನೆಗೂ ಸಾಬೀತಾಗಲಿಲ್ಲ.) ದುಡ್ಡು ಕೊಟ್ಟವರು ಬೇರೆ, ತಯಾರಕನೊಂದಿಗೆ ಈಕೆಗೆ ಕರಾರೇ ಇಲ್ಲ. ಕೈಹಿಡಿಯುವ ಶಾಸನವೂ ಇರಲಿಲ್ಲ. ಆದರೂ 1932ರಲ್ಲಿ, ಅಲ್ಲಿನ ಅಂದಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 3–2 ಬಹುಮತದಿಂದ, ಕುಡಿಯುವವರ ಬಗ್ಗೆ ತಯಾರಕ ಎಚ್ಚರ ವಹಿಸಲೇಬೇಕು ಎಂದಿತು. ಲೇಖಕರ ಲೆಕ್ಕದಲ್ಲಿ ಆಕೆ ಬರಿಗೈಲಿ ಮನೆಗೆ ಹೋಗಬೇಕಿತ್ತು!

ಇಂಥ ತೀರ್ಪಿನಲ್ಲೂ ಮುಂದಿನ ಕೋರ್ಟನ್ನು ಕಟ್ಟಿಹಾಕುವುದು ಪ್ರತಿ ಸಾಲಲ್ಲ, ನಿರ್ಣಯಕ್ಕೆ ಆಧಾರವಾದ ಕಾರಣ ಮಾತ್ರ. ಪ್ರಾಸಂಗಿಕವಾಗಿ ಆಡಿದ ಮಾತಿಗೆ ಆ ಬಲವಿಲ್ಲ. ಸಂಗತಿ ಬೇರೆಯಾದರೆ ತೀರ್ಪೂ ಅನ್ವಯಿಸದು. ವಕೀಲರು ಬೆಳಗಾದರೆ ವಾದಿಸುವುದೇ ಇದನ್ನು.

ಇನ್ನು ಕುರಿಮಂದೆಯ ಮಾತು. ತುರ್ತುಪರಿಸ್ಥಿತಿಯಲ್ಲಿ ಅಕ್ರಮ ಬಂಧನದ ವಿರುದ್ಧವೂ ಕೋರ್ಟಿಗೆ ಹೋಗುವಂತಿಲ್ಲ ಎಂದಿದ್ದ ತನ್ನದೇ 1976ರ ಜಬಲ್ಪುರ ತೀರ್ಪನ್ನು 2017ರಲ್ಲಿ ಖಾಸಗಿತನದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟೇ ತಳ್ಳಿಹಾಕಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮುಂದಿನ ಲೇಖನಕ್ಕೆ ಮುನ್ನ ಲೇಖಕರು ಆ ತೀರ್ಪನ್ನಾದರೂ ಒಮ್ಮೆ ತಿರುವಿಹಾಕಲಿ.